ತಾನೇ ನೀರು ಕುಡಿಯುವ ಮಡಿ

ಆರ್ವಿಡ್ ಟೊಲೆಫ್ಸನ್‌ನ ಮಾನ ಹೋದದ್ದು ಒಂದು ತೂತಿನಿಂದ. ಇದ್ದ ತೂತಿನಿಂದಲ್ಲ, ಕೊರೆಯಲು ಮರೆತ ತೂತಿನಿಂದ. ಜೀವಮಾನವಿಡೀ ಟೋರ್ಸ್‌ಬಿ ಊರಿನವರ ಹಲ್ಲು ಕೊರೆದು ನಿವೃತ್ತನಾದ ದಂತವೈದ್ಯನಿಗೆ ಇದಕ್ಕಿಂತ ದೊಡ್ಡ ಅವಮಾನ ಇರಲಿಕ್ಕಿಲ್ಲ.

ಏಪ್ರಿಲ್‌ನಲ್ಲಿ, ಹಿತ್ತಲಿನ ಹಿಮ ಪೂರ್ತಿ ಕರಗುವ ಮೊದಲೇ, ಅವನು ಸೀಡರ್ ಹಲಗೆಗಳಿಂದ ಸೊಂಟದೆತ್ತರದ ಪೆಟ್ಟಿಗೆ ಕಟ್ಟಿದ್ದ. ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಮಣ್ಣು. ಮೂಲೆಯ ಪೈಪಿಗೆ ನೀರು ಸುರಿದರೆ ಅದು ತಳದ ಜಲ್ಲಿಯಲ್ಲಿ ನಿಲ್ಲುತ್ತದೆ. ದೀಪದ ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ ಮಣ್ಣು ತನಗೆ ಬೇಕಾದಷ್ಟನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹೆಚ್ಚಾದದ್ದು ಹೊರಗೆ ಹೋಗಲು ಪಕ್ಕದ ಹಲಗೆಯಲ್ಲಿ ಒಂದು ತೂತು ಬೇಕು. ಅದನ್ನು ಕೊರೆಯುವ ಹೊತ್ತಿಗೆ ಡ್ರಿಲ್ಲಿನ ಬ್ಯಾಟರಿ ಸತ್ತಿತ್ತು. ಚಾರ್ಜಿಗೆ ಹಾಕಿ ಊಟಕ್ಕೆ ಹೋದ. ಊಟ ಮುಗಿಸಿ ಬಂದವನು ಉತ್ಸಾಹದಲ್ಲಿ ಮಣ್ಣು ತುಂಬಿಬಿಟ್ಟ.

ತೂತನ್ನು ಊರು ಕ್ಷಮಿಸುತ್ತಿತ್ತು. ಆದರೆ ಅವನು ಬಾಯಿ ಮುಚ್ಚಿಕೊಂಡಿರಲಿಲ್ಲ. ಮಿನೆಸೋಟದ ಆ ಊರಲ್ಲಿ ಯಾರೂ ತಮ್ಮದನ್ನು ತಾವೇ ಹೊಗಳಿಕೊಳ್ಳುವುದಿಲ್ಲ. ಹಬ್ಬಕ್ಕೆ ಬಾತುಕೋಳಿ ಹುರಿದವಳು, 'ಸ್ವಲ್ಪ ಸೀದಿದೆ, ಹೇಗೋ ತಿನ್ನಿ' ಎಂದೇ ಬಡಿಸಬೇಕು. ಆರ್ವಿಡ್ ಮಾತ್ರ ಮೇ ತಿಂಗಳಲ್ಲಿ ತೋಟಗಾರರ ಸಂಘದ ಎದುರು ನಿಂತು, "ಈ ವರ್ಷ ನನ್ನ ಟೊಮೇಟೊ ನಿಮ್ಮೆಲ್ಲರದ್ದನ್ನೂ ಮೀರಿಸುತ್ತೆ. ನೀರು ಹಾಕೋ ಕಾಲ ಮುಗೀತು" ಎಂದುಬಿಟ್ಟಿದ್ದ. ಪಕ್ಕದ ಮನೆಯ ಮಾರ್ಲಿಸ್, ದಿನಾ ಬೆಳಗ್ಗೆ ಝಾರಿ ಹಿಡಿದು ಗಿಡ ಗಿಡಕ್ಕೂ ನೀರು ಹಾಕುವವಳು, ನೆಲ ನೋಡಿಕೊಂಡು, "ಇದು ಬೇರೆ ಥರ ಇದೆ" ಎಂದಳು. ಅಲ್ಲಿ ಇದಕ್ಕಿಂತ ಕಟುವಾದ ಟೀಕೆ ಇಲ್ಲ.

ಜೂನಿನ ಮಳೆ ಬಂತು. ಹೊರಹೋಗಲು ದಾರಿಯಿಲ್ಲದ ನೀರು ಬೇರಿನವರೆಗೂ ಏರಿತು. ಟೊಮೇಟೊ ಗಿಡಗಳು ಹಳದಿಯಾದವು, ಕಪ್ಪಾದವು, ಕೊನೆಗೆ ಒದ್ದೆ ಕಾಲುಚೀಲದ ಹಾಗೆ ಜೋತುಬಿದ್ದವು. ಆಮೇಲೆ ತೂತು ಕೊರೆಯೋಣವೆಂದರೆ ಬೇಲಿಯಾಚೆ ಮಾರ್ಲಿಸ್ ಸದಾ ಹಾಜರು. ಡ್ರಿಲ್ಲಿನ ಸದ್ದೇ ಸಾಕ್ಷಿ ಹೇಳುತ್ತದೆ.

ಆಗಸ್ಟಿನ ಒಂದು ಶನಿವಾರ ಸಂಘದವರು ಮನೆಮನೆ ತೋಟ ನೋಡಿಕೊಂಡು ಬರುವ ದಿನ. ಬೆಳಗಾಗುತ್ತಿದ್ದಂತೆ, ಮಾರ್ಲಿಸ್ ಏಳುವ ಮೊದಲೇ, ಆರ್ವಿಡ್ ದೂರದೂರಿನ ನರ್ಸರಿಯಿಂದ ತಂದಿಟ್ಟಿದ್ದ ಕುಂಡಗಳನ್ನು ಗ್ಯಾರೇಜಿನಿಂದ ಹೊರತೆಗೆದ. ಹಣ್ಣು ತುಂಬಿದ ಆಳೆತ್ತರದ ಟೊಮೇಟೊಗಳು. ನಾರುವ ಕೆಸರನ್ನು ಬಕೆಟ್ಟಿನಲ್ಲಿ ತೋಡಿ ಚೆಲ್ಲಿ, ಕುಂಡ ಸಮೇತ ಗಿಡಗಳನ್ನು ಪೆಟ್ಟಿಗೆಗೆ ಇಳಿಸಿ, ಮೇಲೆ ಒಣಹುಲ್ಲು ಹರಡಿದ.

ಹೆಂಡತಿ ವರ್ನಾ ಅಡುಗೆಮನೆಯ ಕಿಟಕಿಯಿಂದ ಎಲ್ಲ ನೋಡುತ್ತಿದ್ದಳು. "ಆರ್ವಿಡ್, ಅವರ ಹತ್ರ ನಿಜ ಹೇಳಿಬಿಡು. ಒಂದು ದಿನ ನಗ್ತಾರೆ, ಆಮೇಲೆ ಮರೀತಾರೆ."

"ಈ ಊರಲ್ಲಿ ಯಾರೂ ಎದುರಿಗೆ ನಗಲ್ಲ, ಮರೆಯೋದೂ ಇಲ್ಲ. ನೀನು ಕಾಫಿ ನೋಡ್ಕೋ."

"ಕಾಫಿ ಸರಿಯಾಗಿದೆ. ನೀನೇ ಸ್ವಲ್ಪ ಕದಡಿಹೋಗಿದೀಯ."

ಮೊದಲು ಮಾರ್ಲಿಸ್‌ಳ ತೋಟಕ್ಕೆ ಹೋದ ಸಂಘದವರು ಹತ್ತು ಗಂಟೆಗೆ ಇತ್ತ ಬಂದರು. ಅವರ ಹಿಂದೆ ಮಾರ್ಲಿಸ್, "ನನ್ನದೇನು ತೋಟ, ಕಸದ ಗುಂಡಿ. ದಾರಿಯಲ್ಲಿತ್ತು ಅಂತ ನೋಡಿದ್ರಿ" ಎನ್ನುತ್ತಾ ಬಂದಳು. ಅವಳ ಬೀನ್ಸು ಚಪ್ಪರ ಹರಿದು ಬೀಳುವಷ್ಟು ಕಾಯಿ ಬಿಟ್ಟಿತ್ತು.

ಸಂಘದ ಅಧ್ಯಕ್ಷೆ ಇನೆಜ್ ಕ್ವಾಮ್, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಟೊಮೇಟೊಗಳನ್ನು ಸುತ್ತು ಹಾಕಿದಳು. "ಎಲೆ ಚೆನ್ನಾಗಿದೆ, ಆರ್ವಿಡ್."

"ಹೂಂ" ಎಂದ ಆರ್ವಿಡ್. ಅಷ್ಟಕ್ಕೇ ಬಿಟ್ಟು ಕಾಫಿಗೆ ಕರೆದೊಯ್ಯುವುದು ಅವನ ಲೆಕ್ಕ. "ವರ್ನಾ ನಿಂಬೆ ಬರ್ಫಿ ಮಾಡಿದ್ದಾಳೆ. ಬನ್ನಿ, ಒಳಗೆ ಹೋಗೋಣ."

"ತಾಳು ಮಾರಾಯ" ಎಂದಳು ಮಾರ್ಲಿಸ್. "ಅದು ನೀರು ಕುಡಿಯೋದನ್ನ ತೋರಿಸಲ್ವಾ? ಮೇ ತಿಂಗಳಿಂದ ಕಾಯ್ತಿದೀನಿ."

"ಈಗ ಬೇಡ. ಹೊಟ್ಟೆ ತುಂಬಿದೆ ಅದಕ್ಕೆ."

"ಒಂದು ಗುಟುಕು ಕುಡಿದ್ರೆ ಏನಾಗುತ್ತೆ? ನೀನು ಕೂತ್ಕೋ, ನಿನಗೆ ಬೆನ್ನು ನೋವು, ನಾನೇ ಹಾಕ್ತೀನಿ."

ಅವನು ತಡೆಯುವ ಮೊದಲೇ ಮಾರ್ಲಿಸ್ ಹೋಸ್ ಪೈಪನ್ನು ಮೂಲೆಯ ಕೊಳವೆಗೆ ತುರುಕಿ ನಲ್ಲಿ ಪೂರ್ತಿ ತಿರುಗಿಸಿದಳು.

ತಳದಿಂದ ಗುಳುಗುಳು ಸದ್ದು ಬಂತು. ಆರ್ವಿಡ್ ಕಣ್ಣು ಮುಚ್ಚಿಕೊಂಡ. ನರ್ಸರಿಯವರು ಕುಂಡಕ್ಕೆ ತುಂಬುವುದು ಮಣ್ಣಲ್ಲ, ಬೆಂಡಿನಷ್ಟು ಹಗುರವಾದ ಪುಡಿ. ಅದು ಅವನಿಗೆ ಗೊತ್ತಿತ್ತು. ನೀರಿನ ಮೇಲೆ ಏನು ತೇಲುತ್ತದೆ, ಏನು ಮುಳುಗುತ್ತದೆ ಎಂಬುದನ್ನು ಅವನು ಕಾಲೇಜಿನಲ್ಲಿ ಓದಿ ಒಳ್ಳೆಯ ಅಂಕವನ್ನೂ ತೆಗೆದಿದ್ದ.

ಕಣ್ಣು ಬಿಟ್ಟಾಗ ಟೊಮೇಟೊಗಳು ಬೆಳೆಯುತ್ತಿದ್ದವು. ಎಲ್ಲವೂ ಒಟ್ಟಿಗೇ, ಚರ್ಚಿನಲ್ಲಿ ಪ್ರಾರ್ಥನೆಗೆ ಎದ್ದು ನಿಲ್ಲುವ ಸಭೆಯ ಹಾಗೆ, ನಿಧಾನವಾಗಿ ಮೇಲೆದ್ದವು. ಹುಲ್ಲು ಸರಿದು ಕಪ್ಪು ಪ್ಲಾಸ್ಟಿಕ್ ಕುಂಡಗಳು ಕಾಣಿಸಿಕೊಂಡವು. ಒಂದು ಗಿಡ ಇನ್ನೊಂದರ ಹೆಗಲಿಗೆ ಒರಗಿ, ಅರ್ಧ ಸುತ್ತು ತಿರುಗಿ, ನರ್ಸರಿಯ ಹೆಸರಿದ್ದ ಬದಿಯನ್ನು ಇನೆಜ್ ಕಡೆಗೆ ಮಾಡಿ ನಿಂತಿತು.

ಒಬ್ಬರು ಆಕಾಶ ನೋಡಿದರು. ಇನ್ನೊಬ್ಬರು ಈ ವರ್ಷ ಸೊಳ್ಳೆ ಕಡಿಮೆ ಎಂದರು. ಮಾರ್ಲಿಸ್ ಮೆಲ್ಲಗೆ ನಲ್ಲಿ ನಿಲ್ಲಿಸಿ, ಕೈಯನ್ನು ಸ್ಕರ್ಟಿಗೆ ಒರೆಸಿಕೊಂಡಳು. ಬೈದಿದ್ದರೆ ಆರ್ವಿಡ್ ತಡೆದುಕೊಳ್ಳುತ್ತಿದ್ದ. ಆ ಮರ್ಯಾದೆ ಅವನ ಕಿವಿಯನ್ನು ಸುಟ್ಟಿತು. ಕತ್ತಿನಿಂದ ಏರಿದ ಬಿಸಿ ನೆತ್ತಿಯಲ್ಲಿ ನಿಂತು, ಹೋಗಲು ದಾರಿ ಕಾಣದೆ ಬಾಯಿಯಿಂದ ಹೊರಬಿತ್ತು.

"ಇದು ನಾನು ಬೆಳೆದದ್ದಲ್ಲ" ಎಂದ. "ನನ್ನ ಗಿಡ ಎಲ್ಲ ಜೂನ್‌ನಲ್ಲೇ ಕೊಳೆತುಹೋಯ್ತು. ನೀರು ಹೋಗೋಕೆ ದಾರಿ ಬಿಡೋದು ಮರೆತೆ. ಇವು ಅಂಗಡಿಯಿಂದ ತಂದದ್ದು. ನಿಮ್ಮ ಮುಂದೆ ಅಷ್ಟು ಜಂಬ ಕೊಚ್ಚಿಕೊಂಡೆನಲ್ಲ, ನಾಚಿಕೆ ಆಗ್ತಿದೆ. ನನಗೆ ಒಂದು ಮೂಲಂಗಿ ಬೆಳೆಯೋಕೂ ಬರಲ್ಲ."

ಇನೆಜ್‌ಳ ಮುಖದಲ್ಲಿ ನಗು ಅರಳಿತು.

"ಆರ್ವಿಡ್, ನಿಜ ಹೇಳ್ತೀನಿ, ಮೇ ತಿಂಗಳಲ್ಲಿ ನಿಮ್ಮ ಮಾತು ಕೇಳಿ ನಮಗೆ ಭಯ ಆಗಿತ್ತು. ಈಗ ಸಮಾಧಾನ. ಎಷ್ಟು ವಿನಯ."

"ವಿನಯ ಅಲ್ಲ. ಸತ್ಯ."

"ಹಾಗೇ ಹೇಳ್ಬೇಕು" ಎಂದಳು ಮಾರ್ಲಿಸ್. "ನಾನು ಕಸದ ಗುಂಡಿ ಅಂದೆ, ನೀನು ಕೊಳೆತುಹೋಯ್ತು ಅಂದೆ. ನನ್ನನ್ನೂ ಮೀರಿಸಿದೆ."

"ಈ ಲೇಬಲ್ ನೋಡಿ" ಎಂದು ಆರ್ವಿಡ್ ಒಂದು ಕುಂಡವನ್ನು ಎತ್ತಿ ಹಿಡಿದ. ಅವನ ತೋಳಿನಿಂದ ಕೆಸರು ಇಳಿಯುತ್ತಿತ್ತು.

"ಅಂಗಡಿ ಕುಂಡವನ್ನೇ ತೊಳೆದು ಬಳಸಿದ್ದೀರಿ, ಒಳ್ಳೆಯದು" ಎಂದಳು ಇನೆಜ್. "ಅಷ್ಟೇ ಅಲ್ಲ, ನೋಡಿ ಎಲ್ಲರೂ. ಮಳೆ ಹೆಚ್ಚಾದ್ರೆ ಗಿಡ ತಾನೇ ಮೇಲೆ ಬರುತ್ತೆ. ಮೊದಲ ಹಿಮ ಬೀಳೋ ದಿನ ಕುಂಡ ಸಮೇತ ಎತ್ತಿ ಒಳಗೆ ಇಡಬಹುದು. ನಮಗೆ ಯಾಕೆ ಹೊಳೀಲಿಲ್ಲ?"

ಸುತ್ತಲೂ ತಲೆಗಳು ತೂಗಿದವು. ಆರ್ವಿಡ್ ಇನ್ನೂ ಎರಡು ಸಲ ತಪ್ಪೊಪ್ಪಿಕೊಂಡ, ಒಂದು ಸಲ ಸ್ವಲ್ಪ ದನಿ ಏರಿಸಿಯೇ. ಒಪ್ಪಿಕೊಂಡಷ್ಟೂ ಅವರ ಕಣ್ಣಲ್ಲಿ ಅವನ ಮೇಲಿನ ಗೌರವ ಏರಿತು. ಅವನಿಗೆ ನಾಚಿಕೆ ಮೊದಲಿನದಕ್ಕಿಂತ ಹೆಚ್ಚಾಯಿತು. ಸುಳ್ಳು ಹೇಳಿ ನಾಚುವುದಕ್ಕೆ ಒಂದು ಕೊನೆಯಿದೆ. ನಿಜ ಹೇಳಿ ನಾಚುವವನು ಇನ್ನೆಲ್ಲಿಗೆ ಹೋಗಬೇಕು?

ಎಲ್ಲರೂ ಹೋದ ಮೇಲೆ ಅವನು ಅಡುಗೆಮನೆಗೆ ಬಂದು, ಕೆಸರು ಕೈಯಲ್ಲೇ ಕುರ್ಚಿಯ ಮೇಲೆ ಕುಸಿದ.

"ನಿಜ ಹೇಳಿದ್ಯಾ?" ಎಂದು ಕೇಳಿದಳು ವರ್ನಾ.

"ಹೇಳಿದೆ. ಮೂರು ಸಲ."

"ಏನು ಮಾಡಿದ್ರು?"

"ಅಧ್ಯಕ್ಷನನ್ನಾಗಿ ಮಾಡಿದ್ರು" ಎಂದ ಆರ್ವಿಡ್. "ಮುಂದಿನ ಬೇಸಿಗೆಗೆ ಜಿಲ್ಲೆಯ ಸಂಘಗಳೆಲ್ಲ ನಮ್ಮ ಹಿತ್ತಲಿಗೇ ಬರ್ತವಂತೆ, ಕಲಿಯೋಕೆ."