ಕೊಂಡಪ್ಪನ ತೇಗದ ಮರಕ್ಕೆ ಬಂದ ಸುತ್ತಿಗೆ

ಕೊಂಡಪ್ಪ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ, ಫಾರೆಸ್ಟ್ ಗಾರ್ಡು ಸೈಕಲ್ಲಿನಿಂದ ಇಳಿಯದೆಯೇ ಕೂಗಿ ಹೇಳಿ ಹೋದ: “ಮಧ್ಯಾಹ್ನ ರೇಂಜರ್ ಸಾಹೇಬ್ರು ನಿಮ್ಮ ತೇಗದ ಮರ ನೋಡಕ್ಕೆ ಬರ್ತಾರೆ. ಸುತ್ತಿಗೆ ತರ್ತಾರೆ. ಮನೇಲೇ ಇರಿ.”

ಶಿಡ್ಲಘಟ್ಟದ ಸುತ್ತ ಹೊಂಗೆ, ಬೇವು, ಹುಣಸೆಗೇನೂ ಬರವಿಲ್ಲ. ಆದರೆ ತೇಗ? ಹತ್ತು ಹಳ್ಳಿಗೆ ಒಂದೇ, ಅದು ಕೊಂಡಪ್ಪನ ಹಿತ್ತಲಿನ ಬಾವಿಯ ಪಕ್ಕದ್ದು. ಅವನ ಅಪ್ಪ ಶಿವಮೊಗ್ಗದ ಕಡೆಯಿಂದ ಸೀಮೆಎಣ್ಣೆ ಡಬ್ಬದಲ್ಲಿ ಸಸಿ ತಂದು ನೆಟ್ಟು ಮೂವತ್ತು ವರ್ಷವಾಗಿತ್ತು. ಮನೆಗೆ ಬಂದವರಿಗೆ ನೀರು ಕೊಡುವ ಮೊದಲು ಕೊಂಡಪ್ಪ ಮರ ತೋರಿಸುತ್ತಿದ್ದ. “ಬಿಸಿಲಿಗೆ ಸೊಟ್ಟ ಆಗಲ್ಲ, ಮಳೆಗೆ ಊದ್ಕೊಳಲ್ಲ. ಸಮುದ್ರದ ಹಡಗಿಗೆ ಇದೇ ಹಲಗೆ ಕಣಪ್ಪ. ಗೆದ್ದಲು ಇದನ್ನ ಕಂಡ್ರೆ ಕೈಮುಗಿದು ಪಕ್ಕದ ಮನೆಗೆ ಹೋಗ್ತದೆ!” ಎಳೆಯ ಎಲೆ ಕಿತ್ತು ಬಂದವರ ಅಂಗೈಗೆ ಉಜ್ಜಿ, ಕೈ ಕೆಂಪಾದ ಮೇಲೆಯೇ ಅವರನ್ನು ಬಿಡುತ್ತಿದ್ದ.

ಈಗ ಹೊಸ ಮನೆಯ ಗೋಡೆ ಎದ್ದಿತ್ತು. ಅದಕ್ಕೆ ತೇಗದ ತಲೆಬಾಗಿಲು ಇಡುವುದು ಅವನ ಜೀವಮಾನದ ಆಸೆ. ಮರ ಕಡಿಯಲು ಅಪ್ಪಣೆ ಕೇಳಿ ಅರ್ಜಿ ಹಾಕಿ ಎಂಟು ತಿಂಗಳಾದರೂ ಉತ್ತರವಿರಲಿಲ್ಲ. ಬಂದದ್ದು ಈ ಸುತ್ತಿಗೆಯ ಸುದ್ದಿ.

ಪಕ್ಕದ ಮನೆಯ ಬಯ್ಯಪ್ಪ ಹಿತ್ತಲ ಗೋಡೆಯ ಮೇಲಿಂದ ತಲೆ ಹಾಕಿದ. ಚಿಂತಾಮಣಿ ಕೋರ್ಟಿನಲ್ಲಿ ಇಪ್ಪತ್ತು ವರ್ಷ ಜವಾನನಾಗಿ ಹೆಸರು ಕೂಗಿದವನು. ಕಾನೂನೆಲ್ಲ ತನ್ನ ಗಂಟಲಲ್ಲೇ ಇದೆ ಎಂದುಕೊಂಡಿದ್ದ.

“ಏಮಯ್ಯಾ ಕೊಂಡಪ್ಪ, ಸುತ್ತಿಗೆ ಅಂದ್ರೇನು ಗೊತ್ತಾ? ಸರ್ಕಾರದ ಮುದ್ರೆ! ಮರಕ್ಕೆ ಒಂದೇಟು ಬಿತ್ತು ಅಂದ್ರೆ ಮುಗೀತು, ಮರ ಸರ್ಕಾರದ್ದು. ಅರ್ಜಿ ಹಾಕಿ ಕಳ್ಳನಿಗೆ ನೀನೇ ಮನೆ ತೋರ್ಸಿದೀಯ.”

ಕೊಂಡಪ್ಪ ಬೆಂಕಿ ಸೋಕಿದ ರೇಷ್ಮೆಹುಳದ ಹಾಗೆ ಮುದುಡಿದ. “ಈಗೇನಣ್ಣ ಮಾಡೋದು?”

“ಮರಾನೇ ದೇವರು ಮಾಡು. ದೇವರ ಮರಕ್ಕೆ ಯಾವ ಸಾಹೇಬ ಸುತ್ತಿಗೆ ಎತ್ತುತಾನೆ?”

ಗಳಿಗೆಯೊಳಗೆ ಮರದ ಬುಡಕ್ಕೆ ಮೊಳಕಾಲೆತ್ತರ ಅರಿಶಿನ ಮೆತ್ತಿತು. ಬಾವಿಕಟ್ಟೆಯ ಮೂರು ಕಲ್ಲು ಕುಂಕುಮ ಹಚ್ಚಿಕೊಂಡು ಸಾಲಾಗಿ ಕೂತವು. ಎದುರುಮನೆಯ ಅಮ್ಮಾಜಮ್ಮ ಕೇಳಿದಳು: “ಅಮ್ಮನ ಹೆಸರೇನಪ್ಪ?”

“ತೇಗ ಅಂತ ಮಾತ್ರ ಬಾಯಿಬಿಡಬೇಡಿ!” ಎಂದು ಕೊಂಡಪ್ಪ ಗಾಬರಿಯಾದ.

“ಹಂಗಾದ್ರೆ ಬಾವಿಯಮ್ಮ” ಎಂದು ಅಮ್ಮಾಜಮ್ಮ ತಾನೇ ನಾಮಕರಣ ಮಾಡಿ, ಓಣಿಯ ಹೆಂಗಸರನ್ನೆಲ್ಲ ಕರೆತಂದಳು. ಕೊಂಡಪ್ಪನ ಹೆಂಡತಿ ಲಕ್ಷ್ಮೀನರಸಮ್ಮ ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತ ತೆಂಗಿನಕಾಯಿ ಹಿಡಿದು ಮರ ಸುತ್ತಿ, ಕಾಯಿ ಒಡೆದಳು. ಬಯ್ಯಪ್ಪ ಅಂಗಿ ಬಿಚ್ಚಿ, ವಿಭೂತಿ ಬಳಿದುಕೊಂಡು ಪೂಜಾರಿಯಾದ.

ಹನ್ನೆರಡಕ್ಕೆ ರೇಂಜರು ಬಂದಾಗ ಹಿತ್ತಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವರು ತಲೆಯೆತ್ತಿ ಮರವನ್ನು ತುದಿಯವರೆಗೆ ನೋಡಿದರು. “ಈ ಬಯಲು ಸೀಮೆಯಲ್ಲಿ ಇಂಥಾ ತೇಗ ನಾನು ನೋಡೇ ಇಲ್ಲ!”

ಕೊಂಡಪ್ಪನ ಎದೆ ಅಂಗಿಯ ಗುಂಡಿ ಕಿತ್ತುಬರುವಂತೆ ಉಬ್ಬಿತು. “ಮೂವತ್ತು ವರ್ಷದ್ದು ಸ್ವಾ...” ಎನ್ನುವಷ್ಟರಲ್ಲಿ ಬಯ್ಯಪ್ಪ ಅವನ ಕಾಲು ತುಳಿದ.

“ತೇಗ ಅಲ್ಲ ಸ್ವಾಮಿ, ಬಾವಿಯಮ್ಮ” ಎಂದು ಕೊಂಡಪ್ಪ ತಿದ್ದಿಕೊಂಡ.

ರೇಂಜರು ಒಂದು ಎಳೆಯ ಎಲೆ ಕಿತ್ತು ಅಂಗೈಯಲ್ಲಿ ಉಜ್ಜಿದರು. ಕೈ ಕೆಂಪಾಯಿತು.

“ನೋಡಿದ್ರಾ! ಅಮ್ಮ ನಿಮಗೂ ಕುಂಕುಮ ಕೊಟ್ಟಳು!” ಎಂದು ಬಯ್ಯಪ್ಪ ಕೂಗಿದ. ಹೆಂಗಸರೆಲ್ಲ ಕೈಮುಗಿದರು. ಜೊತೆಗೆ ಬಂದಿದ್ದ ಗಾರ್ಡೂ ಕೈಮುಗಿದ.

ರೇಂಜರು ಚೀಲದಿಂದ ತೆಗೆದಿದ್ದ ಸುತ್ತಿಗೆಯನ್ನು ಮತ್ತೆ ಒಳಗೆ ಹಾಕಿದರು. “ಹೋಗ್ಲಿ ಬಿಡಿ ಕೊಂಡಪ್ಪನೋರೆ. ಮರ ನಿಮ್ಮದೇ. ನೀವು ಕಡ್ಕೊಳ್ಳಿ ಅಂತ ಅಪ್ಪಣೆ ಆಗಿತ್ತು. ಕಡಿಯೋ ಮರಕ್ಕೆ ಗುರುತು ಹೊಡೆಯಕ್ಕೆ ಅಂತಲೇ ಈ ಸುತ್ತಿಗೆ. ಪೂಜೆ ನಡೆಯೋ ಮರ ಅಂತ ಗೊತ್ತಿರಲಿಲ್ಲ.”

ಕೊಂಡಪ್ಪ ಬಯ್ಯಪ್ಪನನ್ನು ನೋಡಿದ. ಬಯ್ಯಪ್ಪ ಆಕಾಶ ನೋಡಿದ.

“ಸ್ವಾಮೀ, ಹೊಡೀರಿ!” ಎಂದು ಕೊಂಡಪ್ಪ ರೇಂಜರ ಚೀಲ ಹಿಡಿದುಕೊಂಡ. “ಇದು ಅಮ್ಮನೂ ಅಲ್ಲ, ಅಕ್ಕನೂ ಅಲ್ಲ, ಅಪ್ಪಟ ತೇಗ! ಬೆಳಿಗ್ಗೆ ಅರಿಶಿನ ಮೆತ್ತಿದ್ದು ನಾನೇ! ಈ ಬಯ್ಯಪ್ಪ ಕೋಳಿ ತಿನ್ನೋ ಪೂಜಾರಿ!” ಎನ್ನುತ್ತ ಪಂಚೆಯ ತುದಿಯಿಂದ ಅರಿಶಿನ ಒರೆಸತೊಡಗಿದ.

ರೇಂಜರು ನಗು ತಡೆದುಕೊಂಡು ಸುತ್ತಿಗೆ ಹೊರತೆಗೆದರು. ಅಷ್ಟರಲ್ಲಿ ಲಕ್ಷ್ಮೀನರಸಮ್ಮ ಓಡಿಬಂದು ಮರವನ್ನು ತಬ್ಬಿಕೊಂಡಳು.

“ಹೊಡೀಬೇಡಿ ಸ್ವಾಮಿ! ಬೆಳಿಗ್ಗೆ ಕಾಯಿ ಹಿಡಿದು ಹರಕೆ ಹೊತ್ತಿದೀನಿ. ಸಾಹೇಬ್ರ ಬಾಯಲ್ಲಿ ‘ಮರ ನಿಮ್ಮದೇ’ ಅನ್ನಿಸು ತಾಯಿ, ನಮ್ಮ ವಂಶದೋರು ಯಾರೂ ನಿನಗೆ ಕೊಡಲಿ ಸೋಕಿಸಲ್ಲ ಅಂತ. ನೀವು ಅದೇ ಮಾತು ಅಂದ್ರಲ್ಲ!”

“ಅಕ್ಷರ ಹೆಚ್ಚುಕಮ್ಮಿ ಇಲ್ಲ” ಎಂದಳು ಅಮ್ಮಾಜಮ್ಮ. “ಕಾಯಿ ಒಡೆದಾಗ ನಾನು ಪಕ್ಕದಲ್ಲೇ ಇದ್ದೆ.”

“ಲೇ, ಅದು ನಾಟಕ ಕಣೇ!”

“ನಾಟಕ ನಿಮ್ಮದು. ಹರಕೆ ನಂದು.”

ಸುತ್ತಿಗೆ ಮತ್ತೆ ಚೀಲ ಸೇರಿತು. ರೇಂಜರು ಪ್ರಸಾದದ ಬಾಳೆಹಣ್ಣು ತಿಂದು ಜೀಪು ಹತ್ತಿದರು.

ಹೊಸ ಮನೆಗೆ ಬೇವಿನ ಬಾಗಿಲು ಬಂತು. ಬಂದವರು ಅದನ್ನು ಮುಟ್ಟಿ “ಇದು ಯಾವ ಮರ ಕೊಂಡಪ್ಪ?” ಎಂದರೆ ಅವನು ಮೀಸೆ ನೀವಿಕೊಳ್ಳುತ್ತಿದ್ದ.

“ಬಾಗಿಲು ಏನು ನೋಡ್ತೀರಿ, ಯಾರ ಮನೇಲಿಲ್ಲ ಅದು? ಹಿತ್ತಲಿಗೆ ಬನ್ನಿ, ಮರ ಅಂದ್ರೇನು ತೋರಿಸ್ತೀನಿ. ಚಪ್ಪಲಿ ಮಾತ್ರ ಇಲ್ಲೇ ಬಿಡಿ. ನಮ್ಮನೆಯೋಳು ನೋಡಿದ್ರೆ ಬೈತಾಳೆ.”