ಚಾಸಿ ನಂಬರಿಗೆ ನೆರಳು

"ಈ ಬೇಸಿಗೆ ಮುಗಿಯೋದರೊಳಗೆ ನಾನು ಗಡಿಯಾಚೆ ಇರ್ತೀನಿ! ನನ್ನ ಗಾಡಿ ಮೇಲೆ, ನಾನೇ ಓಡಾಡಿ ಮಾಡಿಸಿದ ಕಾಗದಪತ್ರ ಹಿಡ್ಕೊಂಡು! ಇವನೇನು ಮಾಡ್ತಾನೆ ಅಂತ ನಕ್ಕವರೆಲ್ಲ ಆಗ ನೋಡ್ಲಿ!"

ಊಟದ ತಟ್ಟೆಯ ಮುಂದೆ ಕೂತು ಮೇಸ್ತ್ರಿ ಹೀಗೆ ಘೋಷಿಸಿದ. ದಿಗ್ವಿಜಯಕ್ಕೆ ಹೊರಟ ಚಕ್ರವರ್ತಿಯ ಗತ್ತು. ಕೈಯಲ್ಲಿ ಮಾತ್ರ ಖಡ್ಗದ ಬದಲು ಚಮಚ. ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಬಚ್ಚಲ ನಲ್ಲಿ ಸೋರ್ತಿದೆ ಅಂತ ಹೇಳಿ ಎಷ್ಟು ದಿನ ಆಯ್ತು?"

"ನಾನು ದೇಶ ದಾಟೋ ಮಾತಾಡ್ತಿದ್ರೆ ನೀನು ನಲ್ಲಿ ಅಂತೀಯಲ್ಲೇ!"

"ಮೊದಲು ಬಚ್ಚಲು ದಾಟಿ ನೋಡೋಣ. ಅಲ್ಲೇ ಜಾರುತ್ತೆ."

ಮೇಸ್ತ್ರಿ ಎಂದರೆ ಗಾರೆ ಮೇಸ್ತ್ರಿಯಲ್ಲ, ಬಣ್ಣದ ಮೇಸ್ತ್ರಿ. ಹೆದ್ದಾರಿಗಳಲ್ಲಿ ನಿಲ್ಲಿಸುವ ಊರುಗಳ ಫಲಕ ಬರೆಯುವುದು ಅವನ ಕೆಲಸ. ತಗಡಿನ ಶೆಡ್ಡಿನಲ್ಲಿ ಕೂತು ಆತ ಇಡೀ ಭೂಮಂಡಲಕ್ಕೆ ದಾರಿ ತೋರಿಸುತ್ತಿದ್ದ. ಆದರೆ ಬಾಣದ ಗುರುತು ತೋರಿಸಿದ ಕಡೆಗೆ ಸ್ವತಃ ಹೋದವನಲ್ಲ. ಪ್ರತಿ ಫಲಕದ ಕೊನೆಯ ಸಾಲಿನಲ್ಲಿ ಒಂದೇ ಊರಿನ ಹೆಸರು ಬರುತ್ತಿತ್ತು. ಗಡಿಯಾಚೆಯ ಊರು, ಎಲ್ಲಕ್ಕಿಂತ ದೂರದ ಊರು. ಆ ಹೆಸರನ್ನು ಅವನು ಎಷ್ಟು ಸಲ ಬರೆದಿದ್ದನೋ ಲೆಕ್ಕವಿಲ್ಲ. ಬರೆಯುವಾಗಲೆಲ್ಲ ಕೈ ನಿಧಾನವಾಗುತ್ತಿತ್ತು. ಅಲ್ಲಿ ಬೆಳಗಾಗುವುದು ಹೇಗೆ, ಬೀದಿಗಳು ಅಗಲವೋ ಕಿರಿದೋ, ಅಲ್ಲಿಯವರು ತಮ್ಮ ಊರಿನ ಹೆಸರನ್ನು ಯಾವ ಬಣ್ಣದಲ್ಲಿ ಬರೆದುಕೊಳ್ಳುತ್ತಾರೆ? ಒಂದು ಸಲ, ಒಂದೇ ಒಂದು ಸಲ, ಆ ಊರಿನ ಬಾಗಿಲಲ್ಲಿ ಗಾಡಿ ನಿಲ್ಲಿಸಿ ನೋಡಬೇಕೆಂದು ಅವನ ಜೀವ ತುಡಿಯುತ್ತಿತ್ತು.

ಮೊದಲ ದಂಡಯಾತ್ರೆ ವೀಸಾ ಕಚೇರಿಗೆ. ಗಾಜಿನಾಚೆ ಕೂತಿದ್ದ ಹೆಣ್ಣುಮಗಳು ಬೆರಳಚ್ಚಿನ ಯಂತ್ರ ತೋರಿಸಿದಳು. ಮೇಸ್ತ್ರಿ ಬೆರಳಿಟ್ಟ. ಯಂತ್ರ ಕೆಂಪು ದೀಪ ಹಾಕಿತು. ಒತ್ತಿ ಇಟ್ಟ. ಮತ್ತೆ ಕೆಂಪು!

"ನಿಮ್ಮ ಬೆರಳಲ್ಲಿ ಗೆರೆಗಳೇ ಇಲ್ವಲ್ಲ ಸಾರ್?"

"ಇದ್ವು ಮೇಡಂ. ಬಣ್ಣ ಕರಗಿಸೋ ತಿನ್ನರಿನಲ್ಲಿ ಕೈ ತೊಳೆದು ತೊಳೆದು ಸವೆದು ಹೋಗಿವೆ."

"ಹಾಗಾದ್ರೆ ಸ್ವಲ್ಪ ದಿನ ಕೆಲಸ ಬಿಟ್ಟು ಬನ್ನಿ. ಗೆರೆ ಬೆಳೀಲಿ."

ಗೆರೆ ಬೆಳೆಸಲು ಮೇಸ್ತ್ರಿ ರಜೆ ಹಾಕಿ ಕೈಗೆ ಎಣ್ಣೆ ಹಚ್ಚಿಕೊಂಡು ಕೂತ. "ಕೂಸಿನ ಆರೈಕೆ ಹೇಗೆ ನಡೀತಿದೆ?" ಎಂದು ಹೆಂಡತಿ ದಿನಾ ವಿಚಾರಿಸುತ್ತಿದ್ದಳು. ಅಂತೂ ಯಂತ್ರ ಹಸಿರು ದೀಪ ಹಾಕಿತು, ಎರಡು ತಿಂಗಳ ವೀಸಾ ಬಂತು! ಪಾಸ್‌ಪೋರ್ಟಿನ ಆ ಪುಟವನ್ನು ಮೇಸ್ತ್ರಿ ಹಾಲುಮಾರುವವನಿಂದ ಹಿಡಿದು ಮಹಡಿಯ ಅಜ್ಜಿಯವರೆಗೆ ಎಲ್ಲರಿಗೂ ತೋರಿಸಿದ. ಪೂರ್ತಿ ಓದಿದವರು ಯಾರೂ ಇಲ್ಲ, ಅವನೂ ಸೇರಿ.

ಇನ್ನು ಉಳಿದದ್ದು ಗಾಡಿಯದು, ಅಂದರೆ ಅವನ ಬೈಕಿನದು. ಗಾಡಿ ಗಡಿ ದಾಟಬೇಕಾದರೆ ಅದಕ್ಕೂ ಪಾಸ್‌ಪೋರ್ಟಿನಂಥ ಒಂದು ಪರ್ಮಿಟ್ ಪುಸ್ತಕ ಬೇಕು. ಅದು ಸಿಗಬೇಕಾದರೆ ಬ್ರೇಕ್ ಇನ್‌ಸ್ಪೆಕ್ಟರು ಬೈಕನ್ನು ಕಣ್ಣಾರೆ ಕಂಡು, ಚಾಸಿಯ, ಅಂದರೆ ಗಾಡಿಯ ಮೂಲ ಚೌಕಟ್ಟಿನ ಮೇಲೆ ಕಂಪನಿಯವರು ಕೊರೆದ ನಂಬರಿಗೆ ಕಾಗದವಿಟ್ಟು, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಬೇಕು. ಮೇಸ್ತ್ರಿ ಹಿಂದಿನ ಸೀಟು ಕಿತ್ತುಹಾಕಿ ಅಲ್ಲಿ ಪೆಟ್ರೋಲ್ ಡಬ್ಬಿಗಳಿಗೆ ಕಂಬಿ ಬಿಗಿಸಿ, ಬೈಕನ್ನು ಮದುಮಗನಂತೆ ತಿಕ್ಕಿ ತೊಳೆದು ಪರೀಕ್ಷೆಯ ಮೈದಾನಕ್ಕೆ ತಂದ.

ಇನ್‌ಸ್ಪೆಕ್ಟರು ಬಗ್ಗಿದರು. ಎದ್ದರು. ಕನ್ನಡಕ ಒರೆಸಿ ಮತ್ತೆ ಬಗ್ಗಿದರು.

"ಏನ್ರೀ ಇದು?"

"ಚಾಸಿ ನಂಬರು ಸಾರ್."

"ಬಣ್ಣದಲ್ಲಿ ಬರೆದಿದೆಯಲ್ರೀ!"

"ನಾನೇ ಬರೆದದ್ದು. ಎದ್ದು ಕಾಣ್ಲಿ ಅಂತ ಅಕ್ಷರಕ್ಕೆ ನೆರಳೂ ಕೊಟ್ಟಿದೀನಿ, ನೋಡಿ."

ಪಾಪ, ಅವನ ಮುಖದಲ್ಲಿ ನಿಜವಾದ ಹೆಮ್ಮೆಯಿತ್ತು. ಇನ್‌ಸ್ಪೆಕ್ಟರು ಪಕ್ಕದ ಕಲ್ಲಿನ ಮೇಲೆ ಕೂತರು.

"ಕಂಪನಿಯವರು ಕೊರೆದ ನಂಬರು ಎಲ್ಲಿ?"

"ಅದು ಗೀರು ಬಿದ್ದ ಹಾಗೆ ಅಸಹ್ಯವಾಗಿತ್ತು ಸಾರ್. ಪುಟ್ಟಿ ತುಂಬಿ ಸಪಾಟು ಮಾಡಿ, ಮೇಲೆ ಬಣ್ಣ ಹೊಡೆದುಬಿಟ್ಟೆ. ವರ್ಷಕ್ಕೊಂದು ಸಲ ಹೊಸ ಕೋಟ್ ಕೊಡ್ತೀನಿ."

"ಕದ್ದ ಗಾಡಿಯವರು ನಂಬರು ಅಳಿಸೋದನ್ನ ನನ್ನ ಸರ್ವೀಸಲ್ಲಿ ಬೇಕಾದಷ್ಟು ನೋಡಿದೀನಿ. ನೆರಳು ಕೊಟ್ಟವರು ನೀವೇ ಮೊದಲು!"

ಕದ್ದ ಗಾಡಿ! ಮೇಸ್ತ್ರಿ ಗಾಡಿಯ ಕಾಗದಪತ್ರಕ್ಕಾಗಿ ಜೇಬು ತಡಕತೊಡಗಿದ. ಅದೇ ಹೊತ್ತಿಗೆ ಮೈದಾನದ ಆ ತುದಿಯಿಂದ ಡ್ರೈವಿಂಗ್ ಸ್ಕೂಲಿನ ಕಾರೊಂದು ಕೆಮ್ಮುತ್ತಾ ಬಂತು. ಸ್ಟಿಯರಿಂಗ್ ಹಿಂದೆ ಬೆವರುತ್ತಿದ್ದ ಶಿಷ್ಯ, ಪಕ್ಕದಲ್ಲಿ ಗುರು. ಗುರು ಬೇರೆ ಯಾರೂ ಅಲ್ಲ, ಮೇಸ್ತ್ರಿಯ ಹೆಂಡತಿ. ದಿನಾ ಆ ಮೈದಾನಕ್ಕೆ ಶಿಷ್ಯರನ್ನು ಕರೆತರುವವಳಾದ್ದರಿಂದ ಇನ್‌ಸ್ಪೆಕ್ಟರಿಗೆ ಚೆನ್ನಾಗಿ ಗೊತ್ತಿದ್ದವಳು.

"ಮೇಡಂ, ಸ್ವಲ್ಪ ಬನ್ನಿ. ಇವರು ನಿಮಗೆ ಗೊತ್ತಾ?"

ಅವಳು ಕಿಟಕಿಯಿಂದ ತಲೆ ಹೊರಹಾಕಿ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ಎಲ್ಲೋ ನೋಡಿದ ಹಾಗಿದೆ. ನಲ್ಲಿ ರಿಪೇರಿಗೆ ಬರ್ತೀನಿ ಅಂದು ಬರಲೇ ಇಲ್ವಲ್ಲ, ಅವರಾ?"

ನಗು ಮುಗಿದ ಮೇಲೆ ಇನ್‌ಸ್ಪೆಕ್ಟರು ಎರಡು ಆಜ್ಞೆ ಕೊಟ್ಟರು. ಬಣ್ಣವನ್ನೆಲ್ಲ ಕೆರೆದು ಮೂಲ ನಂಬರು ತೋರಿಸಬೇಕು. ಅದು ಸರಿಯೆಂದು ಕಂಪನಿಯಿಂದ ಉತ್ತರ ಬಂದ ಮೇಲೆಯೇ ಪರ್ಮಿಟ್. ಮತ್ತೆ, ದಾಖಲೆಯಲ್ಲಿ ಎರಡು ಸೀಟಿನ ಗಾಡಿ ಅಂತಿದೆ, ಹಾಗೆಯೇ ಇರಬೇಕು. ಡಬ್ಬಿ ಬಿಚ್ಚಿ, ಸೀಟು ಹಾಕಿ!

ಉಪ್ಪು ಕಾಗದ, ತಿನ್ನರ್, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಮೇಸ್ತ್ರಿ ಅಂಗಳದಲ್ಲಿ ಕೂತ. ತಾನೇ ಪ್ರೀತಿಯಿಂದ ಬಳಿದದ್ದನ್ನು ತಾನೇ ಕೆರೆಯುವ ಶಿಕ್ಷೆ ಶತ್ರುವಿಗೂ ಬೇಡ! ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಕಡುಗೆಂಪು. ಪ್ರತಿ ಬಣ್ಣವೂ ಅವನು ಹೊರಡದೇ ಉಳಿದ ಒಂದೊಂದು ವರ್ಷದ್ದು. ಈ ಸಲ ಹೊರಡುತ್ತೇನೆ ಎಂದು ಬಳಿದದ್ದು, ಹೊರಡದೆ ನಿಂತದ್ದು. ಕೆರೆಯುತ್ತಾ ಕೆರೆಯುತ್ತಾ ಅವನಿಗೆ ದುಃಖವೇ ಬಂತು. ಕೊನೆಗೆ ಪುಟ್ಟಿಯ ಕೆಳಗಿನಿಂದ ಕೊರೆದ ಅಂಕಿಗಳು ಒಂದೊಂದಾಗಿ ಎದ್ದು ಬಂದವು. ಅಚ್ಚು ತೆಗೆದು ಕಂಪನಿಗೆ ಕಳಿಸಿದ್ದಾಯಿತು. ಕಂಪನಿ ಮಾತ್ರ ಗಾಢನಿದ್ರೆಯಲ್ಲಿತ್ತು.

ಕಾಯುವ ದಿನಗಳಲ್ಲೇ ಒಂದು ಸಂಜೆ ಅವನು ಹಿಂದಿನ ಸೀಟು ಬಿಗಿಯುತ್ತಾ ಗೊಣಗುತ್ತಿದ್ದ.

"ದಂಡದ ಸೀಟು! ಪೆಟ್ರೋಲ್ ಡಬ್ಬಿ ಎಲ್ಲಿಡಲಿ? ನನ್ನ ತಲೆ ಮೇಲಾ? ಖಾಲಿ ಸೀಟು ಹೊತ್ಕೊಂಡು ದೇಶ ದಾಟಬೇಕಂತೆ!"

ಸ್ಪ್ಯಾನರ್ ಕೊಡುತ್ತಿದ್ದ ಹೆಂಡತಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ಅದು ಖಾಲಿ ಇರಬೇಕು ಅಂತ ಇನ್‌ಸ್ಪೆಕ್ಟರು ಹೇಳಿದ್ರಾ?"

ಮೇಸ್ತ್ರಿ ತಲೆ ಎತ್ತಿದ.

"ನೀವು ಆ ಊರಿನ ಹೆಸರನ್ನಾದ್ರೂ ಬರೀತೀರಿ. ನಾನು? ಬೆಳಗ್ಗೆಯಿಂದ ಸಂಜೆವರೆಗೆ ಅದೇ ಮೈದಾನ ಸುತ್ತೋದು. ಎರಡನೇ ಗೇರ್ ದಾಟಿದ್ರೆ ಶಿಷ್ಯ ಕಿರುಚ್ತಾನೆ. ಎಲ್ಲರಿಗೂ ಗಾಡಿ ಓಡಿಸೋದು ಕಲಿಸ್ತೀನಿ, ಅವರೆಲ್ಲ ಎಲ್ಲೆಲ್ಲಿಗೋ ಹೋಗ್ತಾರೆ. ನಾನು ಮಾರನೇ ದಿನ ಮತ್ತೆ ಅದೇ ಮೈದಾನ. ನನಗೂ ಒಂದು ನೇರ ರಸ್ತೆ ಬೇಕು ರೀ. ಯಾರೂ 'ಮೇಡಂ, ಬ್ರೇಕ್ ಎಲ್ಲಿದೆ' ಅಂತ ಕೇಳದ ರಸ್ತೆ."

ಅವಳ ದನಿಯಲ್ಲಿ ಯಾವತ್ತಿನ ಕೊಂಕು ಇರಲಿಲ್ಲ. ಮೇಸ್ತ್ರಿ ಅರ್ಧ ಬಿಗಿದ ಸೀಟಿನ ಮೇಲೆ ಕೈಯಿಟ್ಟ. ಒಂದೇ ಮನೆಯಲ್ಲಿ, ಒಂದೇ ಚಾವಣಿಯ ಕೆಳಗೆ ಇಬ್ಬರೂ ಅದೇ ದಾರಿಗಾಗಿ ಹಂಬಲಿಸುತ್ತಿದ್ದರು, ಅವನಿಗೆ ಅದು ಗೊತ್ತೇ ಇರಲಿಲ್ಲ.

"ಬರ್ತೀಯೇನೇ?" ಎಂದ ಮೆಲ್ಲಗೆ.

"ಸೀಟು ಗಟ್ಟಿಯಾಗಿ ಬಿಗೀರಿ. ದಾರಿಯಲ್ಲಿ ನಾನು ಬಿದ್ದುಹೋದ್ರೆ ನಿಮಗೆ ಗೊತ್ತಾಗೋದು ಊರು ತಲುಪಿದ ಮೇಲೆ."

ಮರುದಿನವೇ ಅವಳು ವೀಸಾ ಕಚೇರಿಗೆ ಹೋದಳು. ಅವಳ ಬೆರಳಿಗೆ ಯಂತ್ರ ಒಂದೇ ಸಲಕ್ಕೆ ಹಸಿರು ದೀಪ ಹಾಕಿತು, ಅವಳಿಗೂ ವೀಸಾ ಬಂತು. ಆ ಯಂತ್ರಕ್ಕೂ ಅವಳೆಂದರೆ ಭಯವಿರಬೇಕು.

ಅಂತೂ ಕಂಪನಿ ಕಣ್ಣುಬಿಟ್ಟಿತು. ನಂಬರು ಸರಿ, ಗಾಡಿ ಕದ್ದದ್ದಲ್ಲ! ಪರ್ಮಿಟ್ ಪುಸ್ತಕ ಕೈಗೆ ಬಂದ ದಿನ ಮೇಸ್ತ್ರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ನಾಡಿದ್ದು ಬೆಳಗ್ಗೆ ಹೊರಡೋದು! ನಾನು ಒಂದು ಸಲ ಕೈ ಹಾಕಿದೆ ಅಂದ್ರೆ ಆಯ್ತು, ನೋಡಿದೆಯಾ?"

ಹೆಂಡತಿ ಮೇಜಿನ ಮೇಲೆ ಎರಡೂ ಪಾಸ್‌ಪೋರ್ಟ್ ಪಕ್ಕಪಕ್ಕದಲ್ಲಿ ಬಿಡಿಸಿಟ್ಟಿದ್ದಳು. ಅವನದರ ಮೇಲೆ ಬೆರಳಿಟ್ಟಳು.

"ರೀ, ನಿಮ್ಮ ವೀಸಾದ ತಾರೀಕು ಕಳೆದು ಹೋಗಿದೆ."

"ಛೆ, ಎರಡು ತಿಂಗಳಿದೆಯಲ್ಲೇ! ಗಡಿ ದಾಟಿದ ದಿನದಿಂದ ಲೆಕ್ಕ."

"ಕೊಟ್ಟ ದಿನದಿಂದ. ಇಲ್ಲೇ ಬರೆದಿದೆ, ನೋಡಿ. ನೆರಳು ಕೊಟ್ಟಿಲ್ಲ, ಅದಕ್ಕೇ ನಿಮ್ಮ ಕಣ್ಣಿಗೆ ಬಿದ್ದಿಲ್ಲ."

ಮೇಸ್ತ್ರಿ ಕುರ್ಚಿಯಲ್ಲಿ ಕುಸಿದ. ಬೆರಳಿಗೆ ಎಣ್ಣೆ ಹಚ್ಚಿ ಪಡೆದ ವೀಸಾ, ಅವನು ಅಂಗಳದಲ್ಲಿ ಬಣ್ಣ ಕೆರೆಯುತ್ತಾ ಕಂಪನಿಯ ಉತ್ತರ ಕಾಯುತ್ತಿದ್ದಾಗ ಸದ್ದಿಲ್ಲದೆ ತೀರಿಕೊಂಡಿತ್ತು. ಈ ಸಲವೂ ಇಲ್ಲ, ಈ ವರ್ಷಕ್ಕೂ ಇನ್ನೊಂದು ಕೋಟು ಬಣ್ಣವೇ ಗತಿ ಎಂದುಕೊಂಡ. ಕಣ್ಣು ತುಂಬಿ ಬಂತು. ಅದನ್ನು ಅವನು ಮುಚ್ಚಿಡಲೂ ಇಲ್ಲ.

"ಏಳಿ," ಎಂದಳು ಅವಳು, ಗಾಡಿಯ ಕೀಲಿ ಕೈಗೆ ತೆಗೆದುಕೊಳ್ಳುತ್ತಾ. "ಹಿಂದೆ ಕೂತ್ಕೊಳ್ಳಿ."

ಅವಳೇ ಬೈಕ್ ಓಡಿಸಿದಳು. ಮೇಸ್ತ್ರಿ ಜೀವನದಲ್ಲಿ ಮೊದಲ ಸಲ ತನ್ನ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು, ಫೈಲನ್ನು ಎದೆಗವಚಿಕೊಂಡು ವೀಸಾ ಕಚೇರಿ ಸೇರಿದ. ಗಾಜಿನಾಚೆಯ ಹೆಣ್ಣುಮಗಳು ಅವನ ಮುಖವನ್ನೂ ಬೆರಳನ್ನೂ ಗುರುತು ಹಿಡಿದು ನಿಟ್ಟುಸಿರಿಟ್ಟಳು.

"ಮತ್ತೆ ಬಂದ್ರಾ ಸಾರ್? ಸರಿ, ಹೇಳಿ. ಒಬ್ಬರೇ ಹೋಗ್ತಿದೀರಾ, ಜೊತೆಗೆ ಯಾರಾದ್ರೂ ಇದಾರಾ?"

ಮೇಸ್ತ್ರಿ ಎದೆ ಸೆಟೆಸಿ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಮುಂದೆ ಬಂದು, ತನ್ನ ಪಾಸ್‌ಪೋರ್ಟನ್ನೂ ಬೈಕಿನ ಪರ್ಮಿಟ್ ಪುಸ್ತಕವನ್ನೂ ಗಾಜಿನ ಕೆಳಗೆ ತಳ್ಳಿದಳು.

"ಹೋಗ್ತಿರೋದು ನಾನು ಮತ್ತು ಗಾಡಿ ಮೇಡಂ, ನಮ್ಮಿಬ್ಬರದೂ ಎಲ್ಲ ಸರಿಯಾಗಿದೆ. ಪಾಪ, ಇವರಿಗೂ ತುಂಬ ಆಸೆ. ಜೊತೆಗೆ ಕರ್ಕೊಂಡು ಹೋಗೋಣ ಅಂತ."