ದೊಡ್ಡಪ್ಪ ಗುಡ್ಡಕ್ಕೆ ಹಾಸಿದ ಗಾದಿ

ದಾವಣಗೆರೆಯಲ್ಲಿ ಮಣ್ಣಿನ ರುಚಿ ನೋಡಿ ಅದು ಯಾವ ಊರಿನದೆಂದು ಹೇಳುವ ಮನುಷ್ಯ ಯಾರಾದರೂ ಇದ್ದರೆ ನಮ್ಮ ದೊಡ್ಡಪ್ಪ ಒಬ್ಬನೇ! ನಗಬೇಡಿ, ಕಣ್ಣಾರೆ ಕಂಡಿದ್ದೇನೆ. ನೆಂಟರು ಬಂದರೆ ಬೇರೆಯವರು ಏನು ಕೇಳುತ್ತಾರೆ? ಆರಾಮಿದ್ದೀರಾ, ಮಳೆ ಹೆಂಗೈತೆ ಅಂತ. ನಮ್ಮ ದೊಡ್ಡಪ್ಪ "ಬರ್ರಿ, ಕೂಡ್ರಿ" ಅಂದವನೇ ಕೈ ಚಾಚುತ್ತಿದ್ದ. "ಮಣ್ಣು ತಂದೀರೇನು?"

ತಂದಿದ್ದರೆ ಚಹಾ, ತರದಿದ್ದರೆ ಬರೀ ನೀರು! ಒಮ್ಮೆ ಕಡರನಾಯಕನಹಳ್ಳಿಯ ನೆಂಟರು ತಂದ ಕರಿಮಣ್ಣನ್ನು ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ, "ಸಪ್ಪಗೈತೆ, ಭಾಳ ಒಳ್ಳೇದು" ಅಂದ. ಒಲೆ ಮುಂದಿದ್ದ ದೊಡ್ಡಮ್ಮ ಬಿಡುತ್ತಾಳೆಯೇ? "ಉಪ್ಪು ಕೊಡ್ಲೇನ್ರಿ? ಒಗ್ಗರಣೆ ಹಾಕ್ಲೇನು?"

ನಾವೆಲ್ಲ ನಗುತ್ತಿದ್ದೆವು. ಆದರೆ ಕಾರಣ ಎಲ್ಲರಿಗೂ ಗೊತ್ತಿತ್ತು. ಅವರ ಒಬ್ಬನೇ ಮಗ ಆನಗೋಡಿನ ಆಚೆ ಒಂದು ಗುಡ್ಡದ ಗಣಿಗೆ ಕೂಲಿಗೆ ಹೋಗಿದ್ದ. ಹತ್ತಿ ಬಡಿದು ಗಾದಿ ಹೊಲಿಯುವ ಪಿಂಜಾರರ ಮನೆಯವನಿಗೆ ಕಲ್ಲು ಒಡೆಯೋ ಕೆಲಸ ಯಾಕೆ ಬೇಕಿತ್ತೋ! ಒಂದು ಮಳೆಗಾಲ ಗಣಿ ಅವನ ಮೇಲೆ ಕುಸಿಯಿತು. ಅಗೆದವರು ಅಗೆದು ಅಗೆದು ಕೈಚೆಲ್ಲಿದರು. ಮೈ ಸಿಗಲಿಲ್ಲ. ಗಣಿಯವರು ಗಂಟುಮೂಟೆ ಕಟ್ಟಿಕೊಂಡು ಹೋದರು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಬಂದವರೆಲ್ಲ ಗೋರಿಗೆ ಮೂರು ಹಿಡಿ ಮಣ್ಣು ಕೊಡುತ್ತಾರೆ. ಅವನಿಗೆ ಯಾರೂ ಕೊಡಲಿಲ್ಲ. ಗೋರಿಯೇ ಇಲ್ಲದ ಮೇಲೆ ಕೊಡೋದಾದರೂ ಎಲ್ಲಿಗೆ?

"ಅವನ ಮ್ಯಾಲೆ ಬರೀ ಕಲ್ಲೈತೆ. ನಾಕು ಹಸಿರೆಲೆ ಬರೋವಷ್ಟಾದ್ರೂ ಮಣ್ಣು ಕೊಡ್ತೀನಿ" ಎಂದು ದೊಡ್ಡಪ್ಪ ಹಟ ಹಿಡಿದ. ದೊಡ್ಡಮ್ಮ ಮಾತ್ರ ಆ ಗುಡ್ಡದ ಕಡೆ ಮುಖ ಹಾಕಲಿಲ್ಲ. ಮಗನ ಹೆಸರೆತ್ತಲಿಲ್ಲ, ಅಳಲೂ ಇಲ್ಲ. ದೊಡ್ಡಪ್ಪನ ಹುಚ್ಚಿಗಿಂತ ನಮಗೆ ಅದರದೇ ಹೆದರಿಕೆ.

ದೊಡ್ಡಪ್ಪ ಹರಿಹರಕ್ಕೆ ಗಾದಿ ಹೊಲಿಯಲು ಹೋದರೆ ವಾಪಸು ಬರುವಾಗ ಗೋಣಿಚೀಲದ ತುಂಬ ಹೊಳೆದಂಡೆಯ ಮಣ್ಣು. ಬಸ್ಸಿನಲ್ಲಿ ಕಂಡಕ್ಟರು ಕೆಂಡವಾದ. "ಯಾಕ್ರೀ ಸಾಬ್ರೆ, ದಾವಣಗೆರೆಯಾಗೆ ಮಣ್ಣಿಲ್ಲೇನು?"

"ಐತಪ್ಪಾ. ಅದೆಲ್ಲ ಬ್ಯಾರೆಯವರ ಹೊಲದಾಗೈತೆ!"

ಇಷ್ಟು ಕಷ್ಟಪಟ್ಟು ಗುಡ್ಡಕ್ಕೆ ಹೊತ್ತು ಹಾಕಿದ ಮಣ್ಣನ್ನು ಮೊದಲ ಮಳೆ ಒಂದೇ ಏಟಿಗೆ ಬಳಿದುಕೊಂಡು ಹೋಯಿತು. ಗ್ರಾಮಸೇವಕರು ಪಾಪ, ಬಿಸಿಲಲ್ಲಿ ಗುಡ್ಡ ಹತ್ತಿ ಬಂದು ನೋಡಿದರು. "ಗಣಿ ಮಣ್ಣು ಹುಳಿ ಹಿಡಿದೈತೆ ಸಾಬ್ರೆ. ಸುಣ್ಣ ಹಾಕ್ರಿ, ಸಗಣಿ ಗೊಬ್ಬರ ಹಾಕ್ರಿ. ಮ್ಯಾಲೆ ಏನಾದ್ರೂ ಹೊದಿಸ್ರಿ, ಇಲ್ಲಾಂದ್ರೆ ಮಣ್ಣು ನಿಲ್ಲಂಗಿಲ್ಲ" ಅಂದರು.

ಹೊದಿಸೋದೇ? ಪಿಂಜಾರನಿಗೆ ಅದನ್ನು ಹೇಳಿಕೊಡಬೇಕೇ! ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯ ಹಿಂದೆ ಬಿಸಾಡಿದ್ದ ಹತ್ತಿಯ ಕಸವನ್ನೆಲ್ಲ ಬಳಿದು ತಂದ. ಕಸವನ್ನು ಕಸದಂತೆ ಹಾಕಿದನೇ? ಇಲ್ಲ! ಮದುವೆ ಗಾದಿಗೆ ಬಡಿದಂತೆ ಹತ್ತಿ ಹಿಂಜುವ ಬಿಲ್ಲು ಹಿಡಿದು ಬಡಿದು, ಹೂವಿನಂತೆ ಮಾಡಿ, ಗುಡ್ಡದ ಮೇಲೆ ಹಾಸಿದ. ಸಂಜೆ ಗಾಳಿ ಎದ್ದಿತು ನೋಡಿ! ಆನಗೋಡಿನ ಎಮ್ಮೆಗಳೆಲ್ಲ ಬೆಳ್ಳಗಾದವು. ಅಂಗಳದಲ್ಲಿ ಒಣ ಹಾಕಿದ್ದ ಮೆಣಸಿನಕಾಯಿಗೆಲ್ಲ ಹತ್ತಿ ಮೆತ್ತಿಕೊಂಡಿತು. ಹೆಂಗಸರು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ದೊಡ್ಡಪ್ಪ ಸೋತನೇ? ಹತ್ತಿಯನ್ನು ಸಗಣಿ ನೀರಲ್ಲಿ ಅದ್ದಿ, ಒಂದು ಪದರ ಹತ್ತಿ, ಒಂದು ಪದರ ಮಣ್ಣು, ಸುಣ್ಣ ಅಂತ ಹಾಸಿ, ಮೇಲೆ ಗೋಣಿತಟ್ಟು ಹೊದಿಸಿ, ದಬ್ಬಳ ತೆಗೆದುಕೊಂಡು ಅಂಚು ಹೊಲಿದ! "ಗುಡ್ಡಕ್ಯಾಕೆ ಗಾದಿ ದೊಡ್ಡಪ್ಪಾ?" ಅಂದೆ. ದಾರ ಕಚ್ಚಿ ಕಡಿಯುತ್ತಾ, "ಗುಡ್ಡಕ್ಕಲ್ಲಪ್ಪಾ" ಅಂದ. ನನಗೆ ನಗು ಬರಲಿಲ್ಲ.

ತಟ್ಟಿಗೆ ತೂತು ಮಾಡಿ ಬೇವಿನ ಸಸಿ ನೆಟ್ಟ, ಸತ್ತವು. ಹೊಂಗೆ ನೆಟ್ಟ, ಅವೂ ಸತ್ತವು. ಆ ಬೇಸಿಗೆ ಮನೆಗೆ ನೆಂಟರು ಬಂದಾಗ ದೊಡ್ಡಪ್ಪ ಮಣ್ಣು ಕೇಳಲಿಲ್ಲ. ದೊಡ್ಡಮ್ಮ ಎಲ್ಲರಿಗೂ ಚಹಾ ಕೊಟ್ಟಳು. ಆ ಚಹಾ ಯಾರಿಗೂ ಸೇರಲಿಲ್ಲ.

ಮಳೆ ಬಿದ್ದು ಕೆಲವು ದಿನಕ್ಕೆ, ಸುಮ್ಮನೆ ನೋಡಿ ಬರೋಣವೆಂದು ದೊಡ್ಡಪ್ಪ, ನಾನು ಇಬ್ಬರೂ ಗುಡ್ಡಕ್ಕೆ ಹೋದೆವು. ಕೊಳೆತ ತಟ್ಟಿನ ಸಂದಿಯಲ್ಲಿ ಎರಡೆಲೆಯ ಸಸಿಗಳು! ಯಾರೂ ನೆಟ್ಟದ್ದಲ್ಲ, ಹತ್ತಿ ಗಿಡ. ಕಸದಲ್ಲಿ ಬೀಜ ಉಳಿದುಬಿಟ್ಟಿತ್ತು. ಬಡಿದ ಹತ್ತಿಯಲ್ಲಿ ಬೀಜ ಉಳಿಯೋದೆಂದರೆ ಪಿಂಜಾರನಿಗೆ ಅದಕ್ಕಿಂತ ದೊಡ್ಡ ಮಾನಗೇಡು ಇದೆಯೇ? "ನನ್ನ ಬಿಲ್ಲಿಗೆ ತಪ್ಪಿಸ್ಕಂಡಾವಲ್ಲೋ, ನಾಚಿಕೆಗೇಡು! ಯಾರಿಗೂ ಹೇಳಬ್ಯಾಡ" ಅನ್ನುತ್ತಾ ಅಲ್ಲೇ ಕುಕ್ಕರಿಸಿ ಕೂತು ಮಗುವಿನಂತೆ ಅತ್ತ.

ಕಾಯಿ ಒಡೆದಾಗ ಬಂದದ್ದು ಒಂದು ಬೊಗಸೆ ಹತ್ತಿ. ತಂದು ದೊಡ್ಡಮ್ಮನ ಮಡಿಲಿಗೆ ಹಾಕಿದ. ಬೈಯುತ್ತಾಳೆ ಅಂದುಕೊಂಡೆ. ಅವಳು ಹತ್ತಿಯ ಮೇಲೆ ಬೆರಳಾಡಿಸಿದಳು.

"ಅಲ್ಲಿ ಮಣ್ಣು ಮೆತ್ತಗಾಗೈತೇನ್ರಿ?"

"ಆಗೈತೆ. ಬೆರಳಿಟ್ರೆ ಇಳೀತೈತೆ."

ದೊಡ್ಡಮ್ಮ ಎದ್ದಳು. ಮಗ ಅಂಬೆಗಾಲಿಟ್ಟು ಆಡಿದ ಹಿತ್ತಲಿಗೆ ಹೋಗಿ ಮೂರು ಹಿಡಿ ಮಣ್ಣು ಕೆದರಿ ಸೆರಗಿನ ತುದಿಗೆ ಕಟ್ಟಿಕೊಂಡಳು. "ನಡೀರಿ, ನಾನೂ ಬರ್ತೀನಿ" ಅನ್ನುವಷ್ಟರಲ್ಲಿ, ಇಷ್ಟು ವರ್ಷ ಬಾರದ ಅಳು ಬಂದುಬಿಟ್ಟಿತ್ತು.

ಆ ಮಣ್ಣನ್ನು ಮಾತ್ರ ದೊಡ್ಡಪ್ಪ ನಾಲಿಗೆಗೆ ಹಚ್ಚಿ ನೋಡಲಿಲ್ಲ.